ಅರ್ಥ ಹೇಳುವವನ ವರ: ಕೊರಿಂಥದ ಪತ್ರಿಕೆಯ ಮರುಓದು

ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆಯ 12ರಿಂದ 14ರವರೆಗಿನ ಅಧ್ಯಾಯಗಳನ್ನು ಬಹುಮಟ್ಟಿಗೆ ಎರಡು ಪಾಳೆಯಗಳಲ್ಲಿ ನಿಂತು ಓದಲಾಗುತ್ತದೆ. ಪವಿತ್ರಾತ್ಮನ ವರಗಳು ಇಂದಿಗೂ ಸಭೆಯಲ್ಲಿ ಪ್ರಕಟವಾಗುತ್ತಿವೆ ಎನ್ನುವವರು ಒಂದು ಕಡೆ, ಅಪೊಸ್ತಲರ ಕಾಲದೊಂದಿಗೆ ಅವು ನಿಂತುಹೋದವು ಎನ್ನುವವರು ಇನ್ನೊಂದು ಕಡೆ. ಮೊದಲನೆಯವರಿಗೆ 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ನಡೆದ ಕೂಟಗಳು ಹೊಸ ಆರಂಭವಾದವು. ಎರಡನೆಯವರಿಗೆ ಬೆಂಜಮಿನ್ ವಾರ್‌ಫೀಲ್ಡ್ 1918ರಲ್ಲಿ ಪ್ರಕಟಿಸಿದ ಗ್ರಂಥ ಆಧಾರವಾಯಿತು. ಇಬ್ಬರ ಪ್ರಶ್ನೆಯೂ ಒಂದೇ: ವರಗಳು ಇವೆಯೋ ಇಲ್ಲವೋ? ಪೌಲನ ಪ್ರಶ್ನೆ ಅದಲ್ಲ. ಅವು ಯಾರಿಗಾಗಿ ಎಂಬುದು ಅವನ ಪ್ರಶ್ನೆ. ಆ ಪ್ರಶ್ನೆಗೆ ಅವನು ಉತ್ತರ ಕಂಡುಕೊಳ್ಳುವಾಗ, ಎರಡೂ ಪಾಳೆಯದವರು ಗಮನಿಸದ ಒಬ್ಬ ವ್ಯಕ್ತಿಯನ್ನು ಕರೆತಂದು ನಡುವೆ ನಿಲ್ಲಿಸುತ್ತಾನೆ. ಅವನೇ ಅರ್ಥ ಹೇಳುವವನು, ನಮ್ಮ ಹಳೆಯ ಮಾತಿನಲ್ಲಿ ದುಭಾಷಿ.

ಊರಿನ ಪರಿಚಯದಿಂದ ಆರಂಭಿಸುವುದು ಒಳ್ಳೆಯದು. ಪೌಲನ ಕಾಲದ ಕೊರಿಂಥವನ್ನು ಗ್ರೀಕ್ ನಗರವೆಂದಷ್ಟೇ ಕರೆಯುವುದು ಅರ್ಧಸತ್ಯ. ಹಳೆಯ ಕೊರಿಂಥವನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ನಾಶಮಾಡಿದ್ದರು, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಯೋಜನೆಯಂತೆ ಅದು ರೋಮನ್ ವಸಾಹತಾಗಿ ಮತ್ತೆ ಎದ್ದಿತು. ಅಲ್ಲಿಯ ಶಾಸನಗಳನ್ನು 1966ರಲ್ಲಿ ಪ್ರಕಟಿಸಿದ ಜಾನ್ ಕೆಂಟ್, ಹೇಡ್ರಿಯನ್ ಚಕ್ರವರ್ತಿಗಿಂತ ಹಿಂದಿನವೆಂದು ಗುರುತಿಸಿದ 104ರಲ್ಲಿ 101 ಲ್ಯಾಟಿನ್ ಭಾಷೆಯವು, ಮೂರು ಮಾತ್ರ ಗ್ರೀಕ್. ಆದರೆ ಕಲ್ಲಿನ ಭಾಷೆಯೇ ಬಾಯಿಯ ಭಾಷೆಯಲ್ಲವೆಂಬುದು ಗಡಿನಾಡಿನವರಿಗೆ ಹೇಳಿಕೊಡಬೇಕಾದ ಪಾಠವೇನೂ ಅಲ್ಲ. ಪೌಲನು ಆ ಊರಿನ ಸಭೆಗೆ ಬರೆದದ್ದು ಗ್ರೀಕಿನಲ್ಲಿ. ಅದನ್ನು ಕೇಳಿಸಿಕೊಂಡವರಲ್ಲಿ ಕ್ರಿಸ್ಪ, ಗಾಯ, ಫೊರ್ತುನಾತ ಎಂಬ ಲ್ಯಾಟಿನ್ ಹೆಸರಿನವರಿದ್ದರು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬಂದರು ಇದ್ದ ಆ ಊರಿಗೆ ಹಡಗುಗಳ ಜೊತೆ ಇನ್ನೆಷ್ಟು ನುಡಿಗಳು ಬಂದಿಳಿಯುತ್ತಿದ್ದವೆಂಬುದನ್ನು ಊಹಿಸಬಹುದು. ಅರ್ಥವಾಗದ ಮಾತನ್ನು ಕುರಿತ ದೀರ್ಘ ಚರ್ಚೆ ಇಂಥ ಊರಿನ ಸಭೆಗೆ ಬರೆದ ಪತ್ರದಲ್ಲಿ ಬಂದಿರುವುದನ್ನು ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಅಪೊಸ್ತಲರ ಕೃತ್ಯಗಳಲ್ಲಿ ವರ್ಣಿತವಾದ ಪಂಚಾಶತ್ತಮ ದಿನದ ಘಟನೆಯೊಂದಿಗೆ ಕೊರಿಂಥದ ಸಂಗತಿಯನ್ನು ಬೆರೆಸುವುದು ಸಾಮಾನ್ಯ. ಅಲ್ಲಿ ದುಭಾಷಿಯ ಅಗತ್ಯವೇ ಇಲ್ಲ. ಪಾರ್ಥ್ಯರೂ ಮೇದ್ಯರೂ ಎಲಾಮ್ಯರೂ ತಂತಮ್ಮ ನುಡಿಯಲ್ಲೇ ಕೇಳುತ್ತಾರೆ. ಕೊರಿಂಥದಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಅಲ್ಲಿ ವರವು ಗೋಡೆಯನ್ನು ಒಡೆದರೆ ಇಲ್ಲಿ ಗೋಡೆಯನ್ನು ಎಬ್ಬಿಸುತ್ತದೆ. ಪೌಲನು ಆ ಮಾತಿನ ನೈಜತೆಯನ್ನು ಪ್ರಶ್ನಿಸುವುದಿಲ್ಲ. ತಾನು ಅವರೆಲ್ಲರಿಗಿಂತ ಹೆಚ್ಚಾಗಿ ಅಂಥ ಮಾತನ್ನಾಡುವವನೆಂದೇ ಹೇಳಿಕೊಳ್ಳುತ್ತಾನೆ. ಆದರೆ ಸಭೆಯಲ್ಲಿ ತಿಳಿಯದ ಹತ್ತು ಸಾವಿರ ಮಾತಿಗಿಂತ ತಿಳಿಯುವ ಐದು ಮಾತು ಮೇಲೆಂದು ಅವನ ತೀರ್ಮಾನ. ಅಲ್ಲಿಂದ ಹೊರಡುವ ನಿಯಮ ಕಠಿಣವಾದದ್ದು: ಇಬ್ಬರು, ಹೆಚ್ಚೆಂದರೆ ಮೂವರು ಮಾತಾಡಲಿ, ಒಬ್ಬನು ಅರ್ಥ ಹೇಳಲಿ, ಹೇಳುವವನಿಲ್ಲದಿದ್ದರೆ ಮಾತಾಡುವವನು ಸಭೆಯಲ್ಲಿ ಸುಮ್ಮನಿರಲಿ. 12ನೆಯ ಅಧ್ಯಾಯದ ಪಟ್ಟಿಯಲ್ಲಿ ಕಟ್ಟಕಡೆಗೆ ಬಂದ ವರವು 14ನೆಯ ಅಧ್ಯಾಯದಲ್ಲಿ ತನ್ನ ಹಿಂದಿನದಕ್ಕೆ ಅಪ್ಪಣೆ ಕೊಡುವ ಸ್ಥಾನಕ್ಕೆ ಬರುತ್ತದೆ. ಇನ್ನೂ ಮುಖ್ಯವಾದುದು, ಅರ್ಥದ ಹೊಣೆ ಕೇಳುವವನ ಮೇಲಿಲ್ಲ. ಅರ್ಥ ಹೇಳುವ ಶಕ್ತಿಗಾಗಿಯೂ ಆಡುವವನೇ ಪ್ರಾರ್ಥಿಸಬೇಕು.

ಕನ್ನಡದಲ್ಲಿ ಓದುವಾಗ ಈ ತರ್ಕ ಮಂಕಾಗುತ್ತದೆ. ಕಾರಣ ಅನುವಾದಕರ ಅಸಾಮರ್ಥ್ಯವಲ್ಲ, ಅವರಿಗೆ ಸಿಕ್ಕ ಪದಗಳ ಪೂರ್ವಸಂಸ್ಕಾರ. ಪೌಲನು ಬಳಸುವ ‘ಖಾರಿಸ್ಮ’ ಎಂಬ ಪದ ಕೃಪೆ ಎಂಬರ್ಥದ ‘ಖಾರಿಸ್’ನಿಂದ ಹುಟ್ಟಿದ್ದು, ಗ್ರೀಕ್ ಕಿವಿಗೆ ಎರಡರ ನಂಟು ಕೇಳಿಸುತ್ತದೆ. ಕನ್ನಡದ ಕೃಪೆಗೂ ವರಕ್ಕೂ ಅಂಥ ನಂಟಿಲ್ಲ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ‘ವರ’ವು ಆರಿಸಿಕೊಳ್ಳುವುದು ಎಂಬರ್ಥದ ‘ವೃ’ ಧಾತುವಿನಿಂದ ಬಂದದ್ದು. ಪುರಾಣಗಳಲ್ಲಿ ಆರಿಸುವವನು ಬೇಡುವವನೇ. ತಪಸ್ಸಿಗೆ ಮೆಚ್ಚಿದ ದೇವರು ಏನು ಬೇಕೆಂದು ಕೇಳುತ್ತಾನೆ, ಭಕ್ತನು ಆಯ್ದು ಹೇಳುತ್ತಾನೆ. ಪೌಲನಲ್ಲಿ ಆರಿಸುವವನು ಕೊಡುವವನು. ಆತ್ಮನು ತನ್ನ ಇಚ್ಛೆಯಂತೆ ಹಂಚುತ್ತಾನೆ, ಅದೂ ಎಲ್ಲರ ಹಿತಕ್ಕಾಗಿ. ಪುರಾಣದ ವರ ಪಡೆದವನ ಸ್ವಂತ ಸೊತ್ತು. ಹಿರಣ್ಯಕಶಿಪುವಿನದಾಗಲಿ ಭಸ್ಮಾಸುರನದಾಗಲಿ, ಅದು ಅವನ ಬಲವನ್ನು ಹೆಚ್ಚಿಸುವುದೇ ಹೊರತು ನೆರೆಯವನಿಗೆ ಸಲ್ಲಬೇಕಾದ ಋಣವಲ್ಲ. ‘ವರ ಪಡೆದ ಸೇವಕ’ ಎಂಬ ಮಾತು ನಮ್ಮ ಸಭೆಗಳ ಕರಪತ್ರಗಳಲ್ಲಿ ಬಂದಾಗ ಪೌಲನ ಅರ್ಥಕ್ಕಿಂತ ಪುರಾಣದ ಅರ್ಥವೇ ಮುಂದೆ ನಿಲ್ಲುತ್ತದೆ. ಕಥೊಲಿಕರ ಬಳಕೆಯಲ್ಲಿರುವ ‘ವರಪ್ರಸಾದ’ ಈ ದೃಷ್ಟಿಯಿಂದ ಹೆಚ್ಚು ಅದೃಷ್ಟದ ಪದ. ಪ್ರಸಾದವನ್ನು ಆರಿಸಿಕೊಳ್ಳುವಂತಿಲ್ಲ, ಬಚ್ಚಿಡುವಂತಿಲ್ಲ. ಕೈಗೆ ಬಂದದ್ದನ್ನು ಪಕ್ಕದವನಿಗೆ ಹಂಚಿಯೇ ತಿನ್ನುವುದು. ಆದರೆ ಅದು ಅಲ್ಲಿ ಕೃಪೆಯ ಹೆಸರಾಗಿ ನಿಂತಿದೆ. ಕೃಪೆ ಹಂಚಿದ ಕೆಲಸಗಳಿಗೆ ‘ವರದಾನ’ವೆಂಬ ಪದವೇ ಬಂದಿದೆ.

ಎರಡನೆಯ ಪದ ‘ಭಕ್ತಿವೃದ್ಧಿ’. ವರಗಳ ಉದ್ದೇಶವನ್ನು ಹೇಳುವಲ್ಲಿ ಪೌಲನು ಮತ್ತೆ ಮತ್ತೆ ಬಳಸುವ ಪದ ‘ಓಯ್ಕೊದೊಮೆ’, ಅಂದರೆ ಮನೆ ಕಟ್ಟುವುದು. ಇದು ಸವೆದುಹೋದ ರೂಪಕವಲ್ಲ. ಅದೇ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಸಭೆಯವರನ್ನು ದೇವರ ಕಟ್ಟಡವೆಂದೂ ತನ್ನನ್ನು ಅಡಿಪಾಯ ಹಾಕಿದ ಶಿಲ್ಪಿಯೆಂದೂ ಅವನು ಕರೆದಿದ್ದಾನೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ರೂಢವಾಗಿರುವ ಕನ್ನಡ ಬೈಬಲಿನಲ್ಲಿ ಇದು ‘ಭಕ್ತಿವೃದ್ಧಿ’ಯಾಗಿದೆ. ಕಟ್ಟಡಕ್ಕೆ ಹಲವು ಕಲ್ಲು ಬೇಕು. ಭಕ್ತಿ ಒಬ್ಬನ ಎದೆಯಲ್ಲೂ ಹೆಚ್ಚಬಹುದು. ತಿಳಿಯದ ಮಾತನ್ನಾಡುವವನು ತನ್ನನ್ನು ಮಾತ್ರ ಕಟ್ಟಿಕೊಳ್ಳುತ್ತಾನೆ ಎಂಬಲ್ಲಿ ಗ್ರೀಕಿನಲ್ಲಿ ತುಸು ಚುಚ್ಚು ಇದೆ: ಒಬ್ಬನೇ ಕಲ್ಲಿನ ಮನೆ ಎಂಥ ಮನೆ? ತನ್ನ ಭಕ್ತಿಯನ್ನು ಹೆಚ್ಚಿಸಿಕೊಳ್ಳುತ್ತಾನೆ ಎಂದಾಗ ಅದು ಹೊಗಳಿಕೆಯಂತೆಯೇ ಕೇಳುತ್ತದೆ. ಸಂಘ ಕಟ್ಟು, ನಾಡು ಕಟ್ಟು, ಸಂಸಾರ ಕಟ್ಟು ಎಂದು ಸಹಜವಾಗಿ ಆಡುವ ಭಾಷೆಯಲ್ಲಿ ಸಭೆ ಕಟ್ಟು ಎನ್ನಲು ಏನು ಅಡ್ಡಿಯಿತ್ತೋ. ಮೊದಲ ಪೂರ್ಣ ಕನ್ನಡ ಬೈಬಲು 1831ರಲ್ಲಿ ಬಳ್ಳಾರಿಯಿಂದ ಹೊರಬಂದಾಗ, ಜಾನ್ ಹ್ಯಾಂಡ್ಸ್ ಕೆಲಸ ಮಾಡುತ್ತಿದ್ದ ಆ ಜಿಲ್ಲೆಯಲ್ಲಿ ಆದವಾನಿ, ಆಲೂರು, ರಾಯದುರ್ಗಗಳೂ ಸೇರಿದ್ದವು. 1953ರಲ್ಲಷ್ಟೇ ಅವು ಆಂಧ್ರಕ್ಕೆ ಹೋದವು. ಕನ್ನಡ ಬೈಬಲು ಎರಡು ನುಡಿಗಳು ಒಂದೇ ಸಂತೆಯಲ್ಲಿ ಕೇಳುವ ಸೀಮೆಯಲ್ಲಿ ಹುಟ್ಟಿತೆಂಬುದು ಅದರ ಪದಕೋಶವನ್ನು ಅಧ್ಯಯನ ಮಾಡುವವರು ಮರೆಯಬಾರದ ಸಂಗತಿ.

ಮೂರನೆಯದು ‘ಅನ್ಯಭಾಷೆ’. ಪೆಂತೆಕೊಸ್ತ ಸಭೆಗಳಲ್ಲಿ ಇದೇ ರೂಢಿಯ ಮಾತು. 14ನೆಯ ಅಧ್ಯಾಯದ ಉದ್ದಕ್ಕೂ ಮೂಲದಲ್ಲಿರುವುದು ಬರಿಯ ‘ಗ್ಲೊಸ್ಸ’: ನಾಲಗೆ, ನುಡಿ. ‘ಅನ್ಯ’ ಎಂಬ ವಿಶೇಷಣ ಅಲ್ಲಿ ಒಂದೇ ಕಡೆ ಬರುತ್ತದೆ, ಯೆಶಾಯನ ಪ್ರವಾದನೆಯನ್ನು ಪೌಲನು ನೆನೆಯುವಲ್ಲಿ. ಯೆಶಾಯನು ಹೇಳುವ ಅನ್ಯರ ನುಡಿ ದೇವದೂತರದಲ್ಲ, ದಂಡೆತ್ತಿ ಬರುವ ಅಶ್ಶೂರರದು. ಪ್ರವಾದಿಯ ಸರಳ ಮಾತನ್ನು ಕೇಳದ ಜನ ಇನ್ನು ತಮಗರ್ಥವಾಗದ ಅಧಿಕಾರದ ಭಾಷೆಯನ್ನು ಕೇಳಬೇಕಾಗುತ್ತದೆ ಎಂಬ ಎಚ್ಚರಿಕೆ ಅದು. ಸಭೆಯಲ್ಲಿ ತಿಳಿಯದ ಮಾತು ಏನಾಗಬಲ್ಲದೆಂದು ತೋರಿಸಲು ಪೌಲನು ಆಯ್ದುಕೊಂಡ ಉದಾಹರಣೆ ಆಳುವವರ ಭಾಷೆ. ಇದನ್ನು ವ್ಯಾಖ್ಯಾನಕಾರರು ಬೇಗ ದಾಟಿಹೋಗುತ್ತಾರೆ; ಕಚೇರಿಯ ಭಾಷೆ ಬೇರೆ, ಮನೆಯ ಭಾಷೆ ಬೇರೆಯಾದ ಊರುಗಳಲ್ಲಿ ಬಾಳುವ ನಾವು ದಾಟಲಾರೆವು.

ಅದಕ್ಕೂ ಮುಂಚೆ ಅವನು ಇನ್ನೊಂದು ಮಾತು ಹೇಳಿದ್ದಾನೆ. ಸದ್ದಿನ ಅರ್ಥ ತಿಳಿಯದಿದ್ದರೆ ಆಡುವವನಿಗೆ ನಾನು ‘ಬಾರ್ಬರೊಸ್’, ನನಗೆ ಅವನು ‘ಬಾರ್ಬರೊಸ್’. ಗ್ರೀಕರು ಅನ್ಯರನ್ನು ಹೀಗಳೆಯಲು ಬಳಸುತ್ತಿದ್ದ ಈ ಪದವನ್ನು ಪೌಲನು ಎರಡೂ ಕಡೆಗೆ ತಿರುಗಿಸಿದ್ದಾನೆ. ಬರ್ಬರತೆ ಯಾವ ಜನಾಂಗದ ಗುಣವೂ ಅಲ್ಲ, ನಡುವೆ ದುಭಾಷಿಯಿಲ್ಲದ ಸ್ಥಿತಿ. ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನ ನಮ್ಮ ಓದುಗರಿಗೆ ಪರಿಚಿತವೇ. ಅದರಲ್ಲಿ ಭಾರತದ ಕರಾವಳಿಯ ರಾಜ ಆಡುವ ಮಾತು ಗ್ರೀಕ್ ಪ್ರೇಕ್ಷಕನಿಗೆ ನಗೆ ಹುಟ್ಟಿಸುವ ಸದ್ದು. 1904ರಲ್ಲಿ ಹುಲ್ಟ್ಸ್ ಅದರಲ್ಲಿ ಕನ್ನಡವನ್ನು ಕಂಡರು. ವಿವಾದ ಇಂದಿಗೂ ಮುಗಿದಿಲ್ಲ. ಆದರೆ ಒಬ್ಬನ ಗದ್ದಲ ಇನ್ನೊಬ್ಬನ ತಾಯ್ನುಡಿಯಾಗಿರಬಹುದೆಂಬ ಸಾಧ್ಯತೆಯನ್ನು ಕೊರಿಂಥದ ಪತ್ರಿಕೆಯ ಪಕ್ಕದಲ್ಲಿಟ್ಟು ನೋಡಲು ಅಷ್ಟು ಸಾಕು.

ವರವನ್ನು ಸಭೆಯಿಂದ ಬಿಡಿಸಿ ವ್ಯಕ್ತಿಗೆ ಅಂಟಿಸುವ ಕೆಲಸ ಕನ್ನಡದಲ್ಲಿ ಮಾತ್ರ ನಡೆದದ್ದಲ್ಲ. ರುಡಾಲ್ಫ್ ಸೋಮ್ 1892ರಲ್ಲಿ ಸಭಾಧರ್ಮಶಾಸ್ತ್ರವನ್ನು ಕುರಿತು ಬರೆದಲ್ಲಿಂದ ‘ಖಾರಿಸ್ಮ’ವನ್ನು ಎರವಲು ಪಡೆದ ಮ್ಯಾಕ್ಸ್ ವೇಬರ್, ಅದನ್ನು ನಾಯಕನ ಅಸಾಧಾರಣ ಪ್ರಭಾವಕ್ಕೆ ಹೆಸರಾಗಿಸಿದರು. ಇಂದು ವರ್ಚಸ್ಸು ಎಂಬರ್ಥದಲ್ಲಿ ಆ ಪದ ಎಲ್ಲರ ಬಾಯಲ್ಲಿದೆ. ಸಹಾಯ ಮಾಡುವುದನ್ನೂ ಚುಕ್ಕಾಣಿ ಹಿಡಿಯುವುದನ್ನೂ ಪೌಲನು ಇದೇ ಪಟ್ಟಿಯಲ್ಲಿ ಸೇರಿಸಿದ್ದನೆಂಬುದು ಯಾರಿಗೂ ನೆನಪಿಲ್ಲ.

ಇನ್ನು ಇಪ್ಪತ್ತನೆಯ ಶತಮಾನದ ಆರಂಭದ ಎರಡು ಪ್ರಸಂಗಗಳು. ಅಜೂಸಾ ಬೀದಿಯಿಂದ ಹೊರಟ ಆಲ್ಫ್ರೆಡ್ ಗಾರ್ ತಮಗೆ ಬಂಗಾಳಿಯೇ ವರವಾಗಿ ದೊರೆತಿದೆಯೆಂದು ನಂಬಿ ಹೆಂಡತಿಯೊಡನೆ ಕಲ್ಕತ್ತೆಗೆ ಬಂದರು. ಅದು ಬಂಗಾಳಿಗಳಿಗೆ ತಿಳಿಯುವ ಭಾಷೆಯಾಗಿರಲಿಲ್ಲ. ಇದನ್ನು ನಗೆಗೀಡುಮಾಡುವುದು ಸುಲಭ. ಆದರೆ ಭಾಷೆ ಕಲಿಯುವ ವರ್ಷಗಳ ದುಡಿಮೆಯನ್ನು ವರವೊಂದು ತಪ್ಪಿಸೀತೆಂಬ ಆಸೆ ಅವರೊಬ್ಬರದೇ ಆಗಿರಲಿಲ್ಲ. ಅದೇ ಕಾಲಕ್ಕೆ ಪುಣೆಯ ಬಳಿಯ ಕೇಡಗಾಂವದಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಸದನ ಮತ್ತೊಂದು ದಾರಿ ಹಿಡಿಯಿತು. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಅವರ ಸದನದಲ್ಲಿ 1905ರಿಂದ ಉಜ್ಜೀವನ ಕಾಣಿಸಿಕೊಂಡು, ಹೆಣ್ಣುಮಕ್ಕಳು ತಿಳಿಯದ ನುಡಿಗಳಲ್ಲಿ ಪ್ರಾರ್ಥಿಸಿದರು. ರಮಾಬಾಯಿ ಅದನ್ನು ಹತ್ತಿಕ್ಕಲಿಲ್ಲ. ಆದರೆ ತಮ್ಮ ಕೊನೆಯ ವರ್ಷಗಳನ್ನು ಅವರು ಸವೆಸಿದ್ದು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಬೈಬಲನ್ನು ಮರಾಠಿಗೆ ತರುವುದರಲ್ಲಿ, ಅದೂ ಹೆಚ್ಚು ಓದದ ಹೆಂಗಸರಿಗೂ ತಿಳಿಯುವ ಸರಳ ಮರಾಠಿಗೆ. 1922ರಲ್ಲಿ ಅವರು ತೀರಿಕೊಂಡರು. 1924ರಲ್ಲಿ ಪುಸ್ತಕ ಸದನದ ಮುದ್ರಣಾಲಯದಲ್ಲೇ ಅಚ್ಚಾಯಿತು. 14ನೆಯ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಓದಿಲ್ಲ.

ಅದೇ ಅಧ್ಯಾಯದಲ್ಲೇ ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕೆಂಬ ವಚನಗಳೂ ಇವೆ ಎಂಬುದನ್ನು ಮುಚ್ಚಿಡಲಾಗದು. ಕೆಲವು ಹಸ್ತಪ್ರತಿಗಳಲ್ಲಿ ಅವು ಅಧ್ಯಾಯದ ಕೊನೆಗೆ ಸರಿದಿವೆ. 11ನೆಯ ಅಧ್ಯಾಯವಂತೂ ಹೆಂಗಸರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಒಪ್ಪಿಕೊಂಡೇ ಮಾತಾಡುತ್ತದೆ. ಅವು ಪೌಲನವಲ್ಲವೆಂಬ ವಾದ ನನಗೆ ಆಕರ್ಷಕ, ಸಿದ್ಧವಾಯಿತೆನ್ನಲಾರೆ. ಸುಮ್ಮನಿರಿಸುವ ನಿಯಮ ಯಾರ ಕೈಗೆ ಸಿಕ್ಕಿತೆಂಬುದರ ಮೇಲೆ ಅದರ ನ್ಯಾಯ ನಿಂತಿದೆ. ಎಲ್ಲರಿಗೂ ತಿಳಿಯುವಂತೆ ಮಾತಾಡು ಎಂಬ ವಿಧಿ ಬಹುಸಂಖ್ಯಾತರ ಕೈಯಲ್ಲಿ ‘ನಮ್ಮ ಭಾಷೆಯಲ್ಲಿ ಮಾತಾಡು, ಇಲ್ಲವೇ ಸುಮ್ಮನಿರು’ ಎಂದಾಗಲು ಹೆಚ್ಚು ಹೊತ್ತು ಬೇಡ. ಪೌಲನ ಪಠ್ಯ ಈ ದುರುಪಯೋಗವನ್ನು ಪೂರ್ತಿ ತಡೆಯುವುದಿಲ್ಲ. ಆದರೆ ಅವನ ಕಣ್ಣಿರುವುದು ಸಭೆಯ ಕಡೆಯ ಸಾಲಿನಲ್ಲಿ ಕುಳಿತ, ಏನೂ ತಿಳಿಯದ ಸಾಮಾನ್ಯನ ಮೇಲೆ. ಅವನು ‘ಆಮೆನ್’ ಎನ್ನುವುದು ಹೇಗೆ ಎಂದು ಕೇಳುತ್ತಾನೆ. ವಿನೋದವೆಂದರೆ ‘ಆಮೆನ್’ ಹೀಬ್ರೂ ಪದ, ಇದೇ ಪತ್ರಿಕೆಯ ಕೊನೆಯಲ್ಲಿ ಅನುವಾದವಿಲ್ಲದೆ ಬರುವ ‘ಮಾರಾನಾಥಾ’ ಅರಾಮಿಕ್. ಹುಟ್ಟಿದ ಭಾಷೆ ಯಾವುದೆಂಬುದು ಪರಕೀಯತೆಯ ಅಳತೆಯಲ್ಲ. ಕೂಡಿ ಆಡಿ ರೂಢಿಯಾದ ಪದ ಎಲ್ಲಿಂದ ಬಂದರೂ ಸಭೆಯದೇ.

ಗಡಿಯಾಚೆಯ ಒಂದು ಊರಿನ ಉಜ್ಜೀವನ ಕೂಟದಲ್ಲಿ ಕೆಲವು ವರ್ಷಗಳ ಹಿಂದೆ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಬೋಧಕರದು ಬೇರೆ ಭಾಷೆ. ಪಕ್ಕದಲ್ಲಿ ನಿಂತ ಸ್ಥಳೀಯ ಶಾಲೆಯ ಮಾಸ್ತರರೊಬ್ಬರು ವಾಕ್ಯ ವಾಕ್ಯವನ್ನೂ ಕನ್ನಡಕ್ಕೆ ತರುತ್ತಿದ್ದರು. ಕರಪತ್ರದಲ್ಲಿ ಬೋಧಕರ ಭಾವಚಿತ್ರವಿತ್ತು, ಅವರಿಗೆ ದೊರೆತ ವರಗಳ ವಿವರವಿತ್ತು, ಮಾಸ್ತರರ ಹೆಸರಿರಲಿಲ್ಲ. ನಡುವೆ ಬೋಧಕರು ಅನ್ಯಭಾಷೆಗೆ ಹೊರಳಿದಾಗ ಅವರು ಕೈಕಟ್ಟಿ ಸುಮ್ಮನೆ ನಿಂತರು. ಅರ್ಥವನ್ನು ಯಾರೂ ಕೇಳಲಿಲ್ಲ. ಕೂಟ ಮುಗಿದು ಜನ ವೇದಿಕೆಯತ್ತ ನುಗ್ಗಿದಾಗ ಮುದುಕಿಯೊಬ್ಬಳು ಬೋಧಕರನ್ನು ಬಿಟ್ಟು ಮಾಸ್ತರರ ಬಳಿ ಹೋದಳು. “ಆ ನಡುವಿನ ಮಾತು ತಿಳೀಲಿಲ್ಲ ಮಾಸ್ತರೇ, ಇನ್ನೊಮ್ಮೆ ಹೇಳಿ” ಎಂದಳು. ಅವರು ಚೀಲವನ್ನು ಕುರ್ಚಿಯ ಮೇಲಿಟ್ಟು, ವೇದಿಕೆಯ ಮೇಲೆ ಆಡಿದ ಕನ್ನಡವನ್ನು ಬಿಟ್ಟು, ಅವಳ ಮನೆಯ ಕನ್ನಡದಲ್ಲಿ ಮೊದಲಿಂದ ಹೇಳತೊಡಗಿದರು.