ಬಣ್ಣದ ಮದ್ದು

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಸಂಘದ ಸಭಾಗೃಹದಲ್ಲಿ ಒಂದು ದಿನದ ಚಿತ್ರಕಲಾ ಶಿಬಿರ ನಡೆದದ್ದು ಸದಸ್ಯರಿಗೆ ನೆನಪಿರಬಹುದು. ಉದ್ಘಾಟನೆಗೆ ಬಂದಿದ್ದ ಗಣ್ಯರು, ಚಿತ್ರ ಬರೆಯುವುದು ಮನಸ್ಸಿನ ಸಕಲ ಬೇನೆಗಳಿಗೂ ಮದ್ದು ಎಂದರು. ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು. ಅಂದು ರಾತ್ರಿ ಊಟದ ಹೊತ್ತಿಗೆ, ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ್ದ ನಮ್ಮ ಮಗಳು, "ಅಪ್ಪಾ, ನಾನು ಸೈನ್ಸ್ ತೊಗೊಳ್ಳಲ್ಲ. ಆರ್ಟ್ಸ್ ಸೇರಿ ಆಮೇಲೆ ಪೇಂಟಿಂಗ್ ಕಾಲೇಜಿಗೆ ಹೋಗ್ತೀನಿ" ಎಂದಳು. ಹಗಲು ಚಪ್ಪಾಳೆ ತಟ್ಟಿದ ಕೈ ಆಗ ಹಣೆಗೆ ಹೋಯಿತು.

ನಾವು ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರಕಾರದ ಗುಮಾಸ್ತಿಕೆ ಹಿಡಿದು ಈ ಮಹಾನಗರಕ್ಕೆ ಬಂದವರು. ಮಗಳನ್ನು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕೂಡಿಸಿದವರೂ ನಾವೇ. ಅದರಿಂದ ಹತ್ತನೆಯ ತರಗತಿಯಲ್ಲಿ ನಾಲ್ಕು ಅಂಕ ಹೆಚ್ಚು ಸಿಗುತ್ತದೆಂಬ ಲೆಕ್ಕಾಚಾರ ನಮ್ಮದು. ಈ ಲೆಕ್ಕ ಹಾಕದ ಕನ್ನಡ ಕುಟುಂಬ ನಮ್ಮ ಸಂಘದಲ್ಲಿ ಎಷ್ಟಿವೆ? ನಮ್ಮ ಉತ್ತರ ಕೇಳಿ ಮನೆಯಾಕೆ ಒಂದೇ ಮಾತು ಹೇಳಿದಳು: "ವೈಜಾಪುರದಲ್ಲಿ ನಿಮಗಾದರೆ ಮದ್ದು, ಅವಳಿಗಾದರೆ ಹುಚ್ಚೇನ್ರೀ?" ಈ ಲೇಖನ ಆ ಮಾತಿಗೆ ಉತ್ತರ ಹುಡುಕುವ ಪ್ರಯತ್ನ.

ವೈಜಾಪುರದ ವಿಷಯ ಹೇಳಬೇಕು. ಮನಮಾಡದಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲು ಹಾದಿಯಲ್ಲಿ ರೋಟೆಗಾಂವ್ ನಿಲ್ದಾಣದಲ್ಲಿ ಇಳಿದರೆ ವೈಜಾಪುರ. ಹಿಂದಿನ ಔರಂಗಾಬಾದು, ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪಶ್ಚಿಮದ ತಾಲೂಕು. ಆಚೆಗೆ ನಾಸಿಕ ಜಿಲ್ಲೆ. ಒಣ ನೆಲ, ಹತ್ತಿ, ಸಜ್ಜೆ, ಈರುಳ್ಳಿ. ತಾಲೂಕಿನ ದಕ್ಷಿಣದ ಅಂಚಿನಲ್ಲಿ ಗೋದಾವರಿ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳಿದ್ದನ್ನು ನಂಬಿದರೆ, ವೈಜಾಪುರ ಹೊಳೆ ದಾಟಿದ ಮೇಲೆ ಸಿಗುವ ಮೊದಲ ಪರನಾಡು. ಅಲ್ಲಿ ನಾವು ಮೂರು ವರ್ಷ ಒಂಟಿಯಾಗಿದ್ದೆವು. ಮಗಳ ಶಾಲೆ ಕೆಡಬಾರದೆಂದು ಸಂಸಾರ ನಗರದಲ್ಲೇ ಉಳಿಯಿತು. ಹಗಲು ಕಡತ, ರಾತ್ರಿ ಕೋಣೆಯ ಫ್ಯಾನು. ನಿದ್ದೆ ಹಾರಿಹೋಯಿತು. ಡಾಕ್ಟರರು ಗುಳಿಗೆ ಕೊಟ್ಟರು. ಅದರ ಜೊತೆಗೆ ಯಾವುದಾದರೂ ಹವ್ಯಾಸ ಹಿಡಿಯಿರಿ ಎಂದರು. ಪುಸ್ತಕದಂಗಡಿಯಲ್ಲಿ ಮಕ್ಕಳ ಜಲವರ್ಣದ ಡಬ್ಬಿಯೊಂದನ್ನು ಕೊಂಡೆವು. ನಾವು ಬರೆದ ಮಾವಿನ ಮರ ನೋಡಿ ಮನೆಯ ಯಜಮಾನರು "ಛತ್ರಿ ಚೆನ್ನಾಗಿದೆ" ಎಂದು ಮರಾಠಿಯಲ್ಲಿ ಮೆಚ್ಚಿಕೊಂಡರು. ಬರೆಯುವ ಆಸೆ ಅಲ್ಲಿಗೆ ಬಿಟ್ಟಿತು. ನೋಡುವ ಚಟ ಹತ್ತಿತು. ರಜೆ ಬಂತೆಂದರೆ ಎಲ್ಲೋರಾ. ಎರಡು ದಿನ ಸೇರಿ ರಜೆ ಬಂದರೆ ಅಜಂತಾ.

ಅಜಂತಾದ ಚಿತ್ರಗಳನ್ನು ಎಲ್ಲರೂ ಫ್ರೆಸ್ಕೋ ಎನ್ನುತ್ತಾರೆ. ಅದು ಸರಿಯಲ್ಲ. ಫ್ರೆಸ್ಕೋ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚುವುದು. ಸುಣ್ಣ ಗಾಳಿಯೊಡನೆ ಕೂಡಿ ಗಟ್ಟಿಯಾಗುವಾಗ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಅಜಂತಾದಲ್ಲಿ ಹಾಗಲ್ಲ. ಒರಟು ಬಂಡೆಯ ಮೇಲೆ ಮಣ್ಣಿಗೆ ಹೊಟ್ಟು, ನಾರು ಕಲಸಿ ಮೆತ್ತಿದ್ದಾರೆ, ಅದರ ಮೇಲೆ ಸುಣ್ಣದ ತೆಳು ಲೇಪ, ಅದು ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ. ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ದೀಪದ ಕಾಡಿಗೆ. ನೀಲಿ ಮಾತ್ರ ದೂರದ ಆಫ್ಘಾನಿಸ್ತಾನದ ಲಾಜವರ್ದ ಕಲ್ಲಿನದು. ನಮ್ಮ ಹಳ್ಳಿಯ ಗೋಡೆ ಸಾರಿಸುವ ಹೆಂಗಸರಿಗೆ ಈ ಕೆಲಸದ ಮುಕ್ಕಾಲು ಪಾಲು ಗೊತ್ತು. ಆದ್ದರಿಂದಲೇ ಅದು ಅಷ್ಟು ನಾಜೂಕು. ನೀರು ಇಳಿದರೆ ಮಣ್ಣು ಉಬ್ಬುತ್ತದೆ, ಹುಳು ನಾರು ತಿಂದರೆ ಪದರ ಕಳಚುತ್ತದೆ. ಎಲ್ಲೋರಾದ ಮಣ್ಣಿನ ಗಾರೆಯಲ್ಲಿ ಭಂಗಿ ಗಿಡದ ನಾರು ಇರುವುದನ್ನೂ ಅದು ಹುಳುಗಳನ್ನು ದೂರವಿಟ್ಟಿರಬೇಕೆಂಬುದನ್ನೂ 2016ರಲ್ಲಿ ಸಂಶೋಧಕರು ಪ್ರಕಟಿಸಿದರು. ಅಜಂತಾದಲ್ಲಿ ಅದಿಲ್ಲ.

ಮದ್ದಿನ ಮಾತು ಬಂದದ್ದರಿಂದ ಈ ಚಿತ್ರಗಳಿಗೇ ಕೊಟ್ಟ ಮದ್ದಿನ ಕಥೆ ಹೇಳಲೇಬೇಕು. 1819ರಲ್ಲಿ ಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ಸೈನ್ಯಾಧಿಕಾರಿಯ ಕಣ್ಣಿಗೆ ಗುಹೆಗಳು ಬಿದ್ದ ಮೇಲೆ ನಕಲು ತೆಗೆಯುವವರು ಬಂದರು. ಬಣ್ಣ ಎದ್ದು ಕಾಣಲೆಂದು ವಾರ್ನಿಷ್ ಬಳಿದರು. 1920-22ರಲ್ಲಿ ನಿಜಾಮ ಸರಕಾರ ಇಟಲಿಯಿಂದ ಚೆಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿತು. ಅವರು ಸಡಿಲವಾದ ಪದರಗಳನ್ನು ಕೂರಿಸಿ, ಮೇಲೆ ಅರಗಿನ ಲೇಪ ಕೊಟ್ಟರು. ಅಂದಿನ ಜ್ಞಾನಕ್ಕೆ ಅದು ಒಳ್ಳೆಯ ಚಿಕಿತ್ಸೆಯೇ. ಆದರೆ ಅರಗು ವರ್ಷ ಕಳೆದಂತೆ ಹಳದಿಗಟ್ಟಿ ಕಂದಾಗುತ್ತದೆ, ಧೂಳು, ಬಾವಲಿಯ ಹಿಕ್ಕೆ, ಹೊಗೆ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಈಚಿನ ದಶಕಗಳಲ್ಲಿ ಪುರಾತತ್ತ್ವ ಇಲಾಖೆಯ ರಸಾಯನಜ್ಞರು ಮಾಡುತ್ತಿರುವ ಕೆಲಸದ ದೊಡ್ಡ ಭಾಗ ಆ ಹಳೆಯ ಮದ್ದನ್ನು ಅಂಗುಲ ಅಂಗುಲವಾಗಿ ತೆಗೆಯುವುದು. ರೋಗಕ್ಕಿಂತ ಮದ್ದಿಗೇ ಹೆಚ್ಚು ಆರೈಕೆ!

ಹದಿನಾರನೆಯ ಗುಹೆಯ ಒಂದು ಚಿತ್ರದ ಮುಂದೆ ನಾವು ಎಷ್ಟು ಹೊತ್ತು ನಿಂತಿದ್ದೇವೋ ಲೆಕ್ಕವಿಲ್ಲ. ವಾಕಾಟಕ ದೊರೆ ಹರಿಷೇಣನ ಮಂತ್ರಿ ವರಾಹದೇವ ಐದನೆಯ ಶತಮಾನದಲ್ಲಿ ಮಾಡಿಸಿದ ಗುಹೆ ಅದು. ಚಿತ್ರಕ್ಕೆ 'ಸಾಯುತ್ತಿರುವ ರಾಜಕುಮಾರಿ' ಎಂಬ ಹೆಸರು ಅಂಟಿಕೊಂಡಿದೆ. ನಿಜದಲ್ಲಿ ಆಕೆ ಸಾಯುತ್ತಿಲ್ಲ. ಬುದ್ಧನ ತಮ್ಮ ನಂದ ಭಿಕ್ಷುವಾದನೆಂಬ ಸುದ್ದಿ ಬಂದಿದೆ, ಅವನ ಕಿರೀಟ ಮನೆಗೆ ಮರಳಿದೆ; ಹೆಂಡತಿ ಕುಸಿದಿದ್ದಾಳೆ. ಕತ್ತು ವಾಲಿದೆ, ಕಣ್ಣು ಅರೆಮುಚ್ಚಿದೆ, ಹಿಂದಿನಿಂದ ಒಬ್ಬಳು ಆತುಕೊಂಡಿದ್ದಾಳೆ, ಇನ್ನೊಬ್ಬಳು ಬೀಸಣಿಗೆ ಹಿಡಿದಿದ್ದಾಳೆ. ಭಿಕ್ಷುಗಳಿಗಾಗಿ ಕೊರೆದ ವಿಹಾರದ ಗೋಡೆಯಲ್ಲಿ, ಸಂಸಾರ ಬಿಟ್ಟವನ ಹೆಗ್ಗಳಿಕೆಯನ್ನು ಬರೆಯಬೇಕಾದಲ್ಲಿ, ಚಿತ್ರಗಾರ ಬಿಟ್ಟುಹೋದವಳ ಕಡೆಗೆ ತಿರುಗಿ ನಿಂತಿದ್ದಾನೆ. ಇದು ನಮ್ಮ ಮಟ್ಟಿಗೆ ಅಜಂತಾದ ಅತಿ ದೊಡ್ಡ ಧೈರ್ಯ. ಮೊದಲನೆಯ ಗುಹೆಯ ಪದ್ಮಪಾಣಿ ಇದಕ್ಕಿಂತ ಸುಂದರ, ನಿಜ. ಕ್ಯಾಲೆಂಡರುಗಳಲ್ಲಿ ಅವನೇ ಬರುತ್ತಾನೆ. ಆದರೆ ಪದ್ಮಪಾಣಿಗೆ ನಮ್ಮಿಂದ ಏನೂ ಬೇಕಾಗಿಲ್ಲ. ಈಕೆಯ ಮುಂದೆ ನಿಂತವನಿಗೆ, ಮನೆ ಬಿಟ್ಟು ಬಂದವನಿಗೆ, ಯಾರನ್ನೋ ಎಲ್ಲೋ ಬಿಟ್ಟುಬಂದೆನೆಂಬ ಅರಿವು ಚುಚ್ಚುತ್ತದೆ. ಅವಳ ಕತ್ತು ಒಂದೂವರೆ ಸಾವಿರ ವರ್ಷದಿಂದ ನೆಟ್ಟಗಾಗಿಲ್ಲ. ಹೀಗಿರುವಾಗ ಇದನ್ನು ಮದ್ದು ಎನ್ನುವುದು ಹೇಗೆ? ಅಂದು ವೈಜಾಪುರಕ್ಕೆ ಬಂದು ಮನೆಗೆ ಫೋನು ಮಾಡಿದೆವು. ಆ ರಾತ್ರಿ ನಿದ್ದೆ ಬಂದದ್ದು ನಿಜ. ಆದರೆ ಅದು ಚಿತ್ರದಿಂದಲೋ ಫೋನಿನಿಂದಲೋ ಹೇಳಲಾರೆವು.

ಇಲ್ಲಿ ಕನ್ನಡಿಗರಿಗಾಗಿ ಒಂದು ಮಾತು. ಮೊದಲನೆಯ ಗುಹೆಯಲ್ಲಿ ಇಮ್ಮಡಿ ಪುಲಕೇಶಿ ಪರ್ಷಿಯಾದ ರಾಯಭಾರಿಗಳನ್ನು ಬರಮಾಡಿಕೊಳ್ಳುವ ಚಿತ್ರವಿದೆಯೆಂದು ನಾವೆಲ್ಲ ಓದಿ, ಭಾಷಣಗಳಲ್ಲಿ ಕೇಳಿ ಬೆಳೆದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಫರ್ಗುಸನ್ನರು ಮಾಡಿದ ಊಹೆ ಅದು. ಪುಲಕೇಶಿ ಏಳನೆಯ ಶತಮಾನದವನು. ಗುಹೆ ಐದನೆಯ ಶತಮಾನದ ಕೊನೆಯದೆಂಬುದು ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ, ಚಿತ್ರ ಜಾತಕ ಕಥೆಯದು. ರಾಜ್ಯೋತ್ಸವ ಸಂಚಿಕೆಗಳು ಇದನ್ನು ಇನ್ನಾದರೂ ಕೈಬಿಡಬೇಕು. ಅಜಂತಾಕ್ಕೂ ಕನ್ನಡಕ್ಕೂ ನಿಜವಾದ ನಂಟು ಬೇರೆಯೇ ಇದೆ, ಅದರ ಹೆಸರು ಕೆ. ವೆಂಕಟಪ್ಪ.

ಮೈಸೂರಿನ ಚಿತ್ರಗಾರ ಮನೆತನದ ವೆಂಕಟಪ್ಪನವರು ಮೈಸೂರು ಸಂಸ್ಥಾನದ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಇಂಗ್ಲೆಂಡಿನ ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದ ಚಿತ್ರಗಳ ಪ್ರತಿ ಮಾಡಲು ಬಂದಾಗ ನಂದಲಾಲ ಬೋಸ್, ಅಸಿತ್ ಹಲ್ದಾರ್ ಮುಂತಾದವರ ಜೊತೆ ಈ ಮೈಸೂರಿನ ಹುಡುಗನೂ ಆ ಗುಹೆಗಳಲ್ಲಿ ಕುಳಿತು ಬರೆದ. ಕಲ್ಕತ್ತೆಯಿಂದ ಮರಳಿದ ಮೇಲೆ ವೆಂಕಟಪ್ಪನವರು ಹಿಡಿದದ್ದು ಅಜಂತಾದ ಹಾದಿಯನ್ನಲ್ಲ ಎಂಬುದೇ ವಿಶೇಷ. ಊಟಿ, ಕೊಡೈಕನಾಲ್‌ಗಳ ಬೆಟ್ಟ, ಮಂಜು, ಕೆರೆ: ಜಲವರ್ಣದ ಸಣ್ಣ ಸಣ್ಣ ಚಿತ್ರಗಳು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯಲ್ಲಿ ಹಿಂದೊಮ್ಮೆ ಅವನ್ನು ನೋಡಿದಾಗ ನಮಗೆ ಅವು ತಣ್ಣಗೆ ಕಂಡಿದ್ದವು. ಮನುಷ್ಯರೆಲ್ಲಿ ಎಂದು ಕೇಳಿಕೊಂಡಿದ್ದೆವು. ವೈಜಾಪುರದ ಮೂರು ವರ್ಷಗಳ ನಂತರ ಪುಸ್ತಕದಲ್ಲಿ ಅದೇ ಚಿತ್ರಗಳನ್ನು ನೋಡಿದಾಗ ಬೇರೆಯೇ ಅನಿಸಿತು. ಮಂಜು ಸರಿಯುವ ಒಂದು ಗಳಿಗೆಗಾಗಿ ಆ ಮನುಷ್ಯ ಕಾದು ಕುಳಿತಿರುವುದು ಆ ಕಾಗದದಲ್ಲೇ ಕಾಣುತ್ತದೆ. ಆದರೂ ನಮ್ಮದೊಂದು ತಕರಾರು ಉಳಿದಿದೆ: ಆ ಅಚ್ಚುಕಟ್ಟು ಕೆಲವು ಕಡೆ ಚಿತ್ರದ ಉಸಿರನ್ನೇ ಬಿಗಿಹಿಡಿದಂತಿದೆ. ಮದುವೆಯಾಗದೆ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತು, ಎರಡು ಕಲೆಗಳ ನಡುವೆ ಒಬ್ಬರೇ ಬದುಕಿ 1965ರಲ್ಲಿ ತೀರಿಕೊಂಡರು. ಅವರಿಗೆ ಚಿತ್ರ ಮದ್ದಾಗಿರಲಿಲ್ಲ, ವ್ರತವಾಗಿತ್ತು. ವ್ರತದಿಂದ ಆರೋಗ್ಯ ಸುಧಾರಿಸಬಹುದು. ಆದರೆ ಯಾರೂ ಅದಕ್ಕಾಗಿ ವ್ರತ ಹಿಡಿಯುವುದಿಲ್ಲ.

ಅದೇ ಅಜಂತಾ ಬೇರೆಯವರಿಗೆ ಕೊಟ್ಟದ್ದೇನು? ರಾಬರ್ಟ್ ಗಿಲ್ ಎಂಬ ಮದ್ರಾಸು ಸೈನ್ಯದ ಅಧಿಕಾರಿ 1840ರ ದಶಕದಿಂದ ಸುಮಾರು ಇಪ್ಪತ್ತು ವರ್ಷ ಅಲ್ಲೇ ಇದ್ದು ತೈಲವರ್ಣದಲ್ಲಿ ದೊಡ್ಡ ದೊಡ್ಡ ಪ್ರತಿಗಳನ್ನು ಮಾಡಿದ. 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. ಆತ ಭುಸಾವಳದ ಮಣ್ಣಿನಲ್ಲಿದ್ದಾನೆ. ಪಾರೋ ಎಂಬ ಹೆಣ್ಣಿನ ಜೊತೆ ಅವನ ಕಥೆಯನ್ನು ಮರಾಠಿ ಕವಿ ನಾ. ಧೋ. ಮಹಾನೋರ್ ಕಾವ್ಯ ಮಾಡಿದರು, 2012ರಲ್ಲಿ ಸಿನಿಮಾ ಆಯಿತು. ಆಮೇಲೆ ಗ್ರಿಫಿತ್ಸ್ ಮುಂಬಯಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1872ರಿಂದ 1885ರವರೆಗೆ ಮತ್ತೆ ಪ್ರತಿ ಮಾಡಿಸಿದ. ಅವುಗಳಲ್ಲೂ ಅನೇಕ ಲಂಡನ್ನಿನ ಮತ್ತೊಂದು ಬೆಂಕಿಗೆ ಆಹುತಿಯಾದವು. ಲೇಡಿ ಹೆರಿಂಗ್‌ಹ್ಯಾಮ್ ಊರಿಗೆ ಮರಳಿದ ಸ್ವಲ್ಪ ದಿನಗಳಲ್ಲಿ ಬುದ್ಧಿಭ್ರಮೆಗೆ ಒಳಗಾದರು, ಯಾರೋ ಬೆನ್ನಟ್ಟುತ್ತಿದ್ದಾರೆಂಬ ಭಯ. ಅಜಂತಾ ಅದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. 1929ರಲ್ಲಿ ಸಾಯುವವರೆಗೆ ಆಕೆ ಮಾನಸಿಕ ಆಸ್ಪತ್ರೆಯಲ್ಲೇ ಇದ್ದರು ಎಂಬುದನ್ನಷ್ಟೆ ಶಿಬಿರ ಉದ್ಘಾಟಿಸಿದ ಗಣ್ಯರ ಗಮನಕ್ಕೆ ತರುತ್ತೇವೆ.

ಇದನ್ನೆಲ್ಲ ಊಟದ ಹೊತ್ತಿಗೆ ಮಗಳಿಗೆ ವರದಿ ಒಪ್ಪಿಸಿದೆವು. ಗುಮಾಸ್ತರಿಗೆ ವರದಿ ಬರೆಯುವುದು ರೂಢಿ. ಅವಳು ಕೇಳಿ, "ಹೆಬ್ಬಾರರ ವಿಷಯ ಹೇಳಲೇ ಇಲ್ಲ ಅಪ್ಪಾ" ಎಂದಳು.

ಹೌದು, ಅವರನ್ನು ಬೇಕೆಂದೇ ಬಿಟ್ಟಿದ್ದೆವು, ನಮ್ಮ ವಾದಕ್ಕೆ ಅನುಕೂಲವಿರಲಿಲ್ಲ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು, ಅದೇ ಜೆ.ಜೆ. ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಪ್ಯಾರಿಸಿಗೂ ಹೋಗಿಬಂದು, 1996ರಲ್ಲಿ ತೀರಿಕೊಳ್ಳುವವರೆಗೆ ಮುಂಬಯಿಯಲ್ಲೇ ಬದುಕಿದ ಕೆ. ಕೆ. ಹೆಬ್ಬಾರರು ನಮ್ಮಂಥ ವಲಸಿಗರ ಮನೆಯವರೇ. ಅವರ ರೇಖಾಚಿತ್ರಗಳ ಪುಸ್ತಕಕ್ಕೆ ಹಾಡುವ ಗೆರೆ ಎಂಬ ಅರ್ಥದ ಇಂಗ್ಲಿಷ್ ಹೆಸರಿದೆ. ನಾಲ್ಕೇ ಗೆರೆಯಲ್ಲಿ ಕುಣಿಯುವ ಕಾಲು ಬರುತ್ತದೆ. ಸಂಸಾರ ಮಾಡಿದರು, ಹೆಸರು ಮಾಡಿದರು, ಮಗಳು ರೇಖಾ ರಾವ್ ಅವರೂ ಕಲಾವಿದೆಯಾದರು. ಮಗಳು ಇದನ್ನು ಮೊದಲೇ ಓದಿಟ್ಟುಕೊಂಡಿದ್ದಳು. ಒಬ್ಬ ಹೆಬ್ಬಾರರಾಗಲು ಎಷ್ಟು ಸಾವಿರ ಮಂದಿ ಸೋಲಬೇಕು ಎಂದು ನಾವು. "ಐ.ಐ.ಟಿ.ಗೆ ಎಷ್ಟು ಸಾವಿರ?" ಎಂದು ಅವಳು.

ಮೇ ತಿಂಗಳ ಕೊನೆಗೆ ಅವಳನ್ನು ಎಲ್ಲೋರಾಕ್ಕೆ ಕರೆದುಕೊಂಡು ಹೋದೆವು. ರೋಟೆಗಾಂವಿನಲ್ಲಿ ಇಳಿದು, ನಮ್ಮ ಹಳೆಯ ಕೋಣೆ ತೋರಿಸಿ, ವೈಜಾಪುರದಿಂದ ಬಸ್ಸು ಹಿಡಿದೆವು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸ ದೇವಾಲಯಕ್ಕೆ ಜನ ರಂಗಮಹಲ್ ಎಂದೂ ಹೆಸರಿಟ್ಟಿದ್ದರು. ಈಗಿನ ಕರಿಗಲ್ಲು ನೋಡಿದವರಿಗೆ ಅದು ತಮಾಷೆ ಎನಿಸಬಹುದು. ಮಂಟಪದ ಮುಂದಿನ ಚಾವಣಿಯಲ್ಲಿ ಕತ್ತೆತ್ತಿ ನೋಡಿದರೆ ಬಣ್ಣ ಇನ್ನೂ ಇದೆ. ಒಂದರ ಮೇಲೊಂದು ಪದರ. ಒಂದು ಕಾಲದವರು ಬರೆದುದರ ಮೇಲೆ ಇನ್ನೊಂದು ಕಾಲದವರು ಬರೆದಿದ್ದಾರೆ. ಮೇಲಿನದು ಕಳಚಿದಲ್ಲಿ ಕೆಳಗಿನದು ಇಣುಕುತ್ತದೆ. ಅಜಂತಾದ ಮೈದುಂಬಿದ ನಯ ಇಲ್ಲಿಲ್ಲ, ಗೆರೆ ಚೂಪಾಗಿದೆ, ಅವಸರದ ಕೈ. ನಮ್ಮವರದೆಂಬ ಅಭಿಮಾನದಿಂದ ಇದನ್ನು ಅಜಂತಾದ ಸರಿಸಮಕ್ಕೆ ಇಡುವವರಿದ್ದಾರೆ, ನಾವು ಇಡಲಾರೆವು. ಕೈಲಾಸದ ಹಿರಿಮೆ ಉಳಿಯಲ್ಲಿದೆ, ಕುಂಚದಲ್ಲಿಲ್ಲ.

ಮಗಳು ನೆಲದ ಮೇಲೆ ಕುಳಿತು ಪೆನ್ಸಿಲು ತೆಗೆದಳು. ಬಿಸಿಲಿಗೆ ನಾವು ಎರಡು ಸಲ ನೀರು ಕುಡಿಯಲು ಹೊರಗೆ ಹೋಗಿ ಬಂದೆವು, ಅವಳು ಏಳಲಿಲ್ಲ. ಮೂರು ಗಂಟೆಯಾದ ಮೇಲೆ ನೋಡಿದರೆ ಕಾಗದದಲ್ಲಿ ದೇವತೆಯೂ ಇಲ್ಲ, ಆನೆಯೂ ಇಲ್ಲ. ಬಣ್ಣ ಕಳಚಿ ಬಂಡೆ ಕಾಣುವ ಜಾಗದ ಅಂಚನ್ನಷ್ಟೇ ಬರೆದಿದ್ದಳು, ಭೂಪಟದಲ್ಲಿ ಕಡಲತೀರ ಬರೆದಂತೆ. ಅದು ಚೆನ್ನಾಗಿತ್ತೆ? ನಮಗೆ ತಿಳಿಯಲಿಲ್ಲ. ಛತ್ರಿಯಂತೆ ಮಾತ್ರ ಇರಲಿಲ್ಲ. ಚೆನ್ನಾಗಿದೆಯೇ ಎಂದು ಅವಳೂ ಕೇಳಲಿಲ್ಲ. ಬೆರಳಿನಿಂದ ಒಂದು ಕಡೆ ಉಜ್ಜಿ, "ಇಲ್ಲಿ ತಪ್ಪಾಗಿದೆ" ಎಂದು ತನಗೆ ತಾನೇ ಹೇಳಿಕೊಂಡಳು.

ಜೂನಿನಲ್ಲಿ ಹನ್ನೊಂದನೆಯ ತರಗತಿಯ ಅರ್ಜಿ ತುಂಬುವಾಗ ಶಾಖೆ ಎಂಬಲ್ಲಿ ಅವಳೇ ಆರ್ಟ್ಸ್ ಎಂದು ಬರೆದು ನಮ್ಮ ಮುಂದಿಟ್ಟಳು. ಪಾಲಕರ ಸಹಿ ಎಂಬ ಗೆರೆ ಕೆಳಗಿತ್ತು. ದಿನಕ್ಕೆ ನಲವತ್ತು ಕಡತಕ್ಕೆ ಸಹಿ ಹಾಕುವ ಕೈ ಅಂದು ಸಂಜೆಯವರೆಗೆ ಕಾಯಿತು.