ಪ್ರಸಂಗ ಪುಸ್ತಕ ಹೇಳದೆ ಬಿಟ್ಟದ್ದು

ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಪದ್ಯದ ತಲೆಯ ಮೇಲೆ ಇರುವುದು ರಾಗ, ತಾಳಗಳ ಹೆಸರು ಮಾತ್ರ. ಪಾರ್ತಿಸುಬ್ಬನ ‘ಪಂಚವಟಿ’ಯಲ್ಲೂ ಅಷ್ಟೇ. ಯಾವ ಲಯದಲ್ಲಿ ಎತ್ತಬೇಕು, ಪಲ್ಲವಿ ಎಷ್ಟು ಸಲ ತಿರುಗಬೇಕು, ಚಂಡೆ ಎಲ್ಲಿ ಸೇರಬೇಕು, ಒಂದೂ ಇಲ್ಲ. ಆದರೂ ಕುಮಟಾದ ಮಣಕಿ ಮೈದಾನದಲ್ಲಿ ಆಟ ಮುಗಿಸಿ ಏಳುವಾಗ ‘ಇದು ಹಳೇ ಮಟ್ಟಲ್ಲ’ ಎನ್ನುವವರು ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಹಳೆಯದು ಯಾವುದೆಂದರೆ ಹರೆಯದಲ್ಲಿ ಕೇಳಿದ ಭಾಗವತರ ಹೆಸರು ಹೇಳುತ್ತಾರೆ. ಅದರಾಚೆಗೆ ಅವರ ಬಳಿಯೂ ಸಾಕ್ಷಿಯಿಲ್ಲ.

ಯುರೋಪಿನ ಬರೋಕ್ ಕೊಳಲುವಾದಕರದ್ದೂ ಇದೇ ಪೇಚು. ಬಾಖ್‌ನ ಎ ಮೈನರ್ ಒಂಟಿ ಕೊಳಲಿನ ಕೃತಿಯ ಮೊದಲ ಭಾಗದಲ್ಲಿ ಸ್ವರಗಳು ಎಡೆಬಿಡದೆ ಓಡುತ್ತವೆ. ಉಸಿರೆಲ್ಲಿ ತೆಗೆಯಬೇಕೆಂದು ಬರೆದಿಲ್ಲ. ಅಂದಿನ ಕೊಳಲುವಾದಕ ಕ್ವಾಂಟ್ಸ್ 1752ರ ತನ್ನ ಗ್ರಂಥದಲ್ಲಿ ಉಸಿರಿಗೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ, ಆದರೂ ಈ ಕೃತಿ ಹಿಡಿದವರು ತಾವೇ ತೀರ್ಮಾನಿಸಬೇಕು. ಶ್ರುತಿಯೂ ಹಾಗೆ. ಇಂದು ಹೆಚ್ಚಿನವರು ಹಿಡಿಯುವ 415 ಹರ್ಟ್ಸ್ ನಮ್ಮ ಕಾಲದ ಒಪ್ಪಂದ. ಅಂದು ಊರಿಗೊಂದು ಶ್ರುತಿ.

ನಮ್ಮಲ್ಲಿ ಶ್ರುತಿಗೆ ಪುಂಗಿ ಹೋಗಿ ಹಾರ್ಮೋನಿಯಂ ಬಂತು, ಈಗ ವಿದ್ಯುತ್ ಶ್ರುತಿಪೆಟ್ಟಿಗೆ. ಮೈಕಿಲ್ಲದಾಗ ಗದ್ದೆಯ ಅಂಚಿನವನಿಗೂ ಕೇಳಿಸಲು ಏರು ಶ್ರುತಿ ಬೇಕಿತ್ತು. ಮೈಕು ಬಂದು ಆ ಕಾರಣ ಹೋಯಿತು, ಏರು ಶ್ರುತಿಯ ಗೀಳು ಮಾತ್ರ ಹೋಗಲಿಲ್ಲ.

ಭಾಗವತ ಕಾಳಿಂಗ ನಾವಡರು (1958–1990) ಹೊಸ ರಾಗ ತಂದರೆಂದು ದೂರುವುದು ಸುಲಭ. ಪುಸ್ತಕವೇ ಸುಮ್ಮನಿರುವಾಗ ಅವರು ಯಾವ ಕಟ್ಟಳೆ ಮುರಿದರು? ನನ್ನ ತಕರಾರು ಅವರ ಕಂಠವನ್ನಷ್ಟೇ ಎತ್ತಿಕೊಂಡವರ ಮೇಲೆ. ಅಂಥ ಭಾಗವತರು ಆಲಾಪ ಎಳೆಯುತ್ತಲೇ ಇರುತ್ತಾರೆ. ಎತ್ತಿದ ಕೈ ಇಳಿಸಲಾಗದೆ ವೇಷಧಾರಿ ನಿಂತಿರುತ್ತಾನೆ. ಮದ್ದಲೆಗಾರ ಭಾಗವತರ ಮುಖ ನೋಡುತ್ತಾನೆ. ಚಪ್ಪಾಳೆ ಬೀಳುತ್ತದೆ, ನಿಜ. ಅಷ್ಟರಲ್ಲಿ ಪಾತ್ರ ಸತ್ತಿರುತ್ತದೆ. ಇಡಗುಂಜಿ ಮೇಳದ ನೆಬ್ಬೂರು ನಾರಾಯಣ ಭಾಗವತರ ಪದ್ಯ ಅಭಿನಯಕ್ಕೆ ಜಾಗ ಬಿಡುತ್ತಿತ್ತು, ವೇಷಧಾರಿ ಶಂಭು ಹೆಗಡೆಯವರು ಆ ಜಾಗವನ್ನು ತುಂಬುತ್ತಿದ್ದರು. ಮಟ್ಟು ಹಳೆಯದೋ ಹೊಸದೋ ಎನ್ನುವುದಕ್ಕಿಂತ ಈ ಅಳತೆಗೋಲೇ ನನಗೆ ಹೆಚ್ಚು ನಂಬಿಕೆಯದು.

ಆದರೆ ಕಾಲಮಿತಿಯ ಆಟದ ಮುಂದೆ ಈ ಅಳತೆಗೋಲೂ ತಡವರಿಸುತ್ತದೆ. ರಾತ್ರಿಯಿಡೀ ನಡೆಯುತ್ತಿದ್ದುದನ್ನು ಮೂರು ಗಂಟೆಗೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ವಿಳಂಬದ ಪದ್ಯಗಳಿಗೆ; ಉಳಿದವು ಓಡುತ್ತವೆ. ಬೆಳಗಿನ ಜಾವಕ್ಕೆ ಹೊಂದುತ್ತಿದ್ದ ರಾಗಗಳನ್ನು, ರಾತ್ರಿ ಒಂಬತ್ತೂವರೆಗೆ ಮಂಗಳ ಹಾಡುವ ಭಾಗವತರು ಎಲ್ಲಿ ಹಾಡಬೇಕು?