ಸೋಡಚೀಟಿ ಕೇಳುತ್ತಾರೆ, ಕಾರಣ ಕೇಳುವುದಿಲ್ಲ

ಹೊಡೆತ ತಾಳದೆ ಮಗುವನ್ನು ಕಟ್ಟಿಕೊಂಡು ತವರಿಗೆ ಬಂದ ಹೆಣ್ಣುಮಗಳು ಸರ್ಕಾರದ ನೆರವು ಕೇಳಿದರೆ, ಬಿಟ್ಟುಬಂದ ಗಂಡನ ಕಾಗದಗಳನ್ನೇ ಮೊದಲು ತರಬೇಕಾಗುತ್ತದೆ. ರೋಣ ತಾಲೂಕಿನ ಹೊಳೆಮಣ್ಣೂರಿನಿಂದ ನೋಡಿದರೆ ಈ ಪದ್ಧತಿಯ ಕಷ್ಟ ಚೆನ್ನಾಗಿ ಕಾಣುತ್ತದೆ. ಈ ಭಾಗದಿಂದ ಗೋವಾ, ಮಂಗಳೂರು ಕಡೆ ದುಡಿಯಲು ಹೋಗುವವರು ಬಹಳ. ಹಾಗೆ ಹೋದ ಗಂಡ ಎಲ್ಲಿದ್ದಾನೆಂದು ಹೆಂಡತಿಗೇ ಗೊತ್ತಿರದಿರಬಹುದು. 2009 ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಮನೆಯನ್ನೇ ಕಳೆದುಕೊಂಡ ಹೊಳೆಸಾಲಿನವರ ಹತ್ತಿರ ಲಗ್ನದ ಕಾಗದ, ಫೋಟೋ ಉಳಿದಿರಬೇಕೆಂದು ಬಯಸುವುದೂ ಕಷ್ಟ.

ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯನ್ನೇ ನೋಡಿ. 2023ರ ಜುಲೈನಲ್ಲಿ ಅರ್ಜಿ ಕರೆದಾಗ ಯಜಮಾನಿಯ ಆಧಾರ್ ಜತೆಗೆ ಗಂಡನ ಆಧಾರ್ ಸಂಖ್ಯೆಯನ್ನೂ ಕೇಳಿದರು. ಗಂಡ ಆದಾಯ ತೆರಿಗೆ ಕಟ್ಟುವವನಾಗಿದ್ದರೆ ಯೋಜನೆಯ ತಿಂಗಳ 2000 ರೂಪಾಯಿ ಸಿಗುವುದಿಲ್ಲ. ಅದನ್ನು ತಿಳಿಯಲು ಸಂಖ್ಯೆ ಬೇಕು. ತರ್ಕ ಸರಿಯೇ. ಆದರೆ ಅದು ಕೂಡಿ ಬಾಳುವ ಸಂಸಾರದ ತರ್ಕ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಣ್ಣೇ ಯಜಮಾನಿ. ಬಿಟ್ಟುಬಂದವಳ ಹೆಸರು ಗಂಡನ ಮನೆಯ ಕಾರ್ಡಿನಲ್ಲೇ ಉಳಿದಿದ್ದರೆ ಹಣ ಅತ್ತೆಗೆ ಹೋಗುತ್ತದೆ. ತವರಿನ ಕಾರ್ಡಿಗೆ ಬಂದರೆ ಅವ್ವನಿಗೆ. ಎರಡೂ ಕಡೆ ಅವಳು ಬೇರೆಯವರ ಕೈ ನೋಡುವವಳೇ.

ಮನಸ್ವಿನಿ ಯೋಜನೆ ಇಂಥವರಿಗೆಂದೇ ಬಂದದ್ದು. 2013ರಲ್ಲಿ ಶುರುವಾದ ಈ ಮಾಸಾಶನ ಈಗ ತಿಂಗಳಿಗೆ 800 ರೂಪಾಯಿ. ಮದುವೆಯಾಗದ, ವಿಚ್ಛೇದನ ಪಡೆದ ಬಡ ಹೆಣ್ಣುಮಕ್ಕಳಿಗೆ, 40ರಿಂದ 64 ವರ್ಷದೊಳಗಿನವರಿಗೆ. ಈ ಎರಡು ಷರತ್ತಿನಲ್ಲೇ ಯೋಜನೆ ಸೋಲುತ್ತದೆ. ನಮ್ಮ ಹಳ್ಳಿಗಳಲ್ಲಿ ಗಂಡ ಬಿಟ್ಟವರು ಕೋರ್ಟಿನಿಂದ ವಿಚ್ಛೇದನ ಪಡೆಯುವುದು ಅಪರೂಪ. ಹಿರಿಯರು ಕೂಡಿ, ಬಾಂಡ್ ಪೇಪರಿನ ಮೇಲೆ ಸೋಡಚೀಟಿ ಬರೆಸಿ, ಎರಡೂ ಕಡೆಯವರ ಸಹಿ ಹಾಕಿಸಿ ಮುಗಿಸುತ್ತಾರೆ. ಎಷ್ಟೋ ಕಡೆ ಅದೂ ಇಲ್ಲ. ಕಳಿಸಿದರು, ಕರೆಯಲು ಬರಲಿಲ್ಲ, ಅಷ್ಟೆ. ಇಪ್ಪತ್ತೈದರ ವಯಸ್ಸಿನ, ಕಂಕುಳಲ್ಲಿ ಕೂಸಿರುವ ತಾಯಿಗೆ ನಲವತ್ತು ತುಂಬುವ ತನಕ ಕಾಯಿರಿ ಎನ್ನುವುದು ಅನ್ಯಾಯ. ಕೂಸಿಗೆ ಹಾಲು ಬೇಕಾದದ್ದು ಆ ಹದಿನೈದು ವರ್ಷಗಳಲ್ಲಿ.

ನೆರವು ಕೇಳಿ ಬಂದ ತಾಯಿಯಿಂದ ಗಂಡನ ವಿವರ ಕೇಳಬೇಕೆ ಎಂಬ ಪ್ರಶ್ನೆಯನ್ನು ಬೇರೆ ದೇಶಗಳು ಬೇರೆ ರೀತಿಯಲ್ಲಿ ಎದುರಿಸಿವೆ. ಅಮೆರಿಕದಲ್ಲಿ 1975ರಿಂದ, ನೆರವು ಪಡೆಯುವ ತಾಯಿ ಮಗುವಿನ ತಂದೆಯನ್ನು ಹುಡುಕಲು, ಅವನಿಂದ ಜೀವನಾಂಶ ವಸೂಲಿ ಮಾಡಲು ಸರ್ಕಾರದ ಜತೆ ಸಹಕರಿಸಬೇಕು. 1996ರ ಕಾನೂನಿನ ಪ್ರಕಾರ, ಸಹಕರಿಸದಿದ್ದರೆ ನೆರವಿನಲ್ಲಿ ಕನಿಷ್ಠ ಕಾಲುಭಾಗ ಕಡಿತ. ಆದರೆ ತಕ್ಕ ಕಾರಣ ತೋರಿಸಿದರೆ ವಿನಾಯಿತಿ ಉಂಟು: ತಾಯಿಗೋ ಮಗುವಿಗೋ ಅವನಿಂದ ಅಪಾಯವಿದ್ದರೆ, ಮಗು ಅತ್ಯಾಚಾರದಿಂದ ಹುಟ್ಟಿದ್ದರೆ, ಮಗುವನ್ನು ದತ್ತು ಕೊಡುವ ಮಾತು ನಡೆದಿದ್ದರೆ. ಅಲ್ಲಿನ ವ್ಯವಸ್ಥೆಯನ್ನು ನಾನು ಹೊಗಳಲಾರೆ. ಪುರಾವೆ ಒದಗಿಸುವ ಹೊರೆ ಹೆದರಿದವಳ ಮೇಲೆಯೇ ಬೀಳುತ್ತದೆ. ವಸೂಲಾದ ಹಣದಲ್ಲಿ ದೊಡ್ಡ ಪಾಲು ಮಗುವಿಗೆ ಸೇರದೆ, ಸರ್ಕಾರ ಕೊಟ್ಟ ನೆರವಿಗೆ ಜಮೆಯಾಗುತ್ತದೆ. ವಿನಾಯಿತಿ ಕೇಳುವವರು ಬಹಳ ಕಡಿಮೆ. ಬ್ರಿಟನ್ನಿನಲ್ಲೂ 1991ರ ಕಾಯ್ದೆ ಇಂಥದೇ ಒತ್ತಾಯ ಹೇರಿತ್ತು. 2008ರಲ್ಲಿ ಆ ಕಲಮನ್ನೇ ಕೈಬಿಟ್ಟರು. ಅದು ಹೆಚ್ಚು ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ. ಆದರೂ ಅಮೆರಿಕದ ನಿಯಮದ ಒಂದು ಗುಣವನ್ನು ಒಪ್ಪಲೇಬೇಕು. ಗಂಡನ ಹೆಸರು ಹೇಳಲು ಹೆದರುವ ಹೆಂಗಸು ಇರುತ್ತಾಳೆಂದು ಅಲ್ಲಿ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಒತ್ತಾಯ ಅರ್ಜಿಯ ಕಾಲಮ್ಮಿನಲ್ಲಿದೆ, ವಿನಾಯಿತಿಗೆ ಕಾಲಮ್ಮೇ ಇಲ್ಲ. ಹೀಗಾಗಿ ಎಲ್ಲವೂ ಕೌಂಟರಿನ ಆಚೆ ಕೂತವರ ದಯೆಗೆ ಬಿಟ್ಟದ್ದು.

ವಿಚಿತ್ರವೆಂದರೆ ನಮ್ಮ ಪೋಟಗಿಯ, ಅಂದರೆ ಜೀವನಾಂಶದ, ಕಾನೂನು ಹೆಂಡತಿ ಗಂಡನನ್ನು ಬಿಟ್ಟುಬರುವ ಕಾರಣವನ್ನು ಚೆನ್ನಾಗಿಯೇ ಬಲ್ಲದು. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಸಾಕಷ್ಟು ಕಾರಣವಿಲ್ಲದೆ ಗಂಡನ ಜತೆ ಬಾಳಲೊಪ್ಪದವಳಿಗೆ ಜೀವನಾಂಶವಿಲ್ಲ ಎನ್ನುತ್ತದೆ. ಅಂದರೆ ಕಾರಣವಿದ್ದರೆ ಉಂಟು. ಗಂಡ ಇನ್ನೊಂದು ಮದುವೆಯಾಗಿದ್ದರೆ, ಇನ್ನೊಬ್ಬಳನ್ನು ಇಟ್ಟುಕೊಂಡಿದ್ದರೆ ಅದು ನ್ಯಾಯವಾದ ಕಾರಣವೆಂದು ಕಲಮಿನಲ್ಲೇ ಇದೆ. 2025ರ ಜನವರಿಯಲ್ಲಿ ಜಾರ್ಖಂಡದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಹೆಂಡತಿ ಗಂಡನ ಮನೆಗೆ ಮರಳಬೇಕೆಂಬ ಡಿಕ್ರಿ ಇದ್ದರೂ, ಮರಳದಿರಲು ತಕ್ಕ ಕಾರಣವಿದ್ದರೆ ಜೀವನಾಂಶ ತಪ್ಪದು. ಆ ಹೆಂಡತಿಗೆ ಮನೆಯ ಶೌಚಾಲಯ ಬಳಸಲು, ಗ್ಯಾಸಿನ ಒಲೆ ಹಚ್ಚಲು ಬಿಡುತ್ತಿರಲಿಲ್ಲವಂತೆ. ನ್ಯಾಯಪೀಠ ಅಂಥ ಸಣ್ಣದೆನಿಸುವ ಸಂಗತಿಗಳನ್ನೂ ಕೇಳಿಸಿಕೊಂಡಿತು. ಮಾಸಾಶನದ ಕಚೇರಿ ಅದನ್ನು ಏಕೆ ಕೇಳಿಸಿಕೊಳ್ಳಬಾರದು?

ಬೇಕಾದ ವ್ಯವಸ್ಥೆಯನ್ನೂ ಹೊಸದಾಗಿ ಕಟ್ಟಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಿದ್ದಾರೆ. ನಮ್ಮ ರಾಜ್ಯದ ತಾಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಕೆಲಸ ನೋಡುತ್ತಾರೆ. ಅವರು ಬರೆಯುವ ಹಿಂಸೆಯ ವರದಿಯನ್ನೇ ಮನಸ್ವಿನಿಗೆ, ಬೇರೆ ರೇಷನ್ ಕಾರ್ಡಿಗೆ ಆಧಾರವೆಂದು ಒಪ್ಪಬಹುದು. ವರದಿ ಇಲ್ಲದವರಿಗೆ ಅಂಗನವಾಡಿ ಕಾರ್ಯಕರ್ತೆಯ ಹೇಳಿಕೆ, ತಲಾಟಿಯ ಪಂಚನಾಮೆ ಸಾಕಾಗಬೇಕು. ಮಗುವಿರುವ ಪರಿತ್ಯಕ್ತೆಗೆ ವಯಸ್ಸಿನ ಮಿತಿ ತೆಗೆಯಬೇಕು. ಗಂಡನ ಆಧಾರ್ ಕಾಲಮ್ಮಿನ ಪಕ್ಕ ‘ಬಿಟ್ಟಿದ್ದೇನೆ, ಸಂಪರ್ಕಿಸುವುದು ಸುರಕ್ಷಿತವಲ್ಲ’ ಎಂಬ ಇನ್ನೊಂದು ಚೌಕ ಇರಬೇಕು. ಸುಳ್ಳು ಹೇಳುವವರು ಒಬ್ಬಿಬ್ಬರು ಬಂದಾರು. ಅದಕ್ಕೆ ಹೆದರಿ ಉಳಿದವರನ್ನೆಲ್ಲ ಗಂಡನ ಬಾಗಿಲಿಗೆ ಅಟ್ಟುವುದು ಆಡಳಿತವಲ್ಲ.

ಇದನ್ನು ಓದುವವರ ಓಣಿಯಲ್ಲಿ ಅಂಥ ತಾಯಿ ಇದ್ದರೆ ಇಷ್ಟನ್ನು ತಿಳಿಸಿ: ಪೋಟಗಿಯ ಅರ್ಜಿಯನ್ನು ಗಂಡನ ಊರಿನಲ್ಲೇ ಹಾಕಬೇಕಿಲ್ಲ, ಅವಳಿರುವ ತಾಲೂಕಿನ ಕೋರ್ಟಿನಲ್ಲಿ ಹಾಕಬಹುದು. ತಾಲೂಕು ಕಾನೂನು ಸೇವಾ ಸಮಿತಿಯಿಂದ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತವಾಗಿ ಸಿಗುತ್ತಾರೆ. ಅವಳು ಗಂಡನ ಮನೆ ಬಿಟ್ಟಳೆಂಬ ಕಾರಣಕ್ಕೆ ಮಗುವಿನ ಜೀವನಾಂಶವನ್ನು ಯಾರೂ ತಡೆಯುವಂತಿಲ್ಲ.